ಅಪ್ಪ ಅಮ್ಮನ ಕಥೆಯನ್ನು ಅವರ ದನಿಯಲ್ಲೇ ಹಿಡಿದಿಡುವುದು

"ನಿಮ್ಮ ಬಾಲ್ಯ ಹೇಗಿತ್ತಪ್ಪಾ?" ಎಂದು ಕೇಳಿದರೆ "ಏನಿತ್ತು, ಬರೀ ಕಷ್ಟ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. "ಹಳೇ ಮನೆಯ ಹೊಸಿಲು ದಾಟಿ ಒಳಗೆ ಬಂದರೆ ಎಡಗಡೆ ಏನಿತ್ತು?" ಎಂದು ಕೇಳಿ ನೋಡಿ. ಕಾಳಿನ ವಾಡೆ ಇತ್ತು, ಅದರ ಪಕ್ಕ ಬೀಸುವ ಕಲ್ಲು, ಅಲ್ಲೇ ಅಜ್ಜಿ ಮಲಗುತ್ತಿದ್ದದ್ದು, ಅವಳ ತಲೆದಿಂಬಿನ ಕೆಳಗೆ ಎಲೆಅಡಿಕೆ ಸಂಚಿ... ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ವಯಸ್ಸಾದವರ ನೆನಪು ಜಾಗಕ್ಕೆ, ವಸ್ತುವಿಗೆ ಅಂಟಿಕೊಂಡಿರುತ್ತದೆ. ಸಲಕರಣೆಯ ಚಿಂತೆಗಿಂತ ಮೊದಲು ಇದು ಗೊತ್ತಿರಬೇಕು, ಏಕೆಂದರೆ ರೆಕಾರ್ಡಿಂಗ್ ಕೆಡುವುದು ಮೈಕಿನಿಂದ ಕಡಿಮೆ, ಪ್ರಶ್ನೆಯಿಂದ ಹೆಚ್ಚು.

ಫೋನು, ಮೈಕು, ಕೋಣೆ

ಹೊಸದೇನನ್ನೂ ಕೊಳ್ಳದೆ ಕೈಯಲ್ಲಿರುವ ಫೋನಿನಲ್ಲೇ ಶುರು ಮಾಡಬಹುದು. ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಗುಣಮಟ್ಟವನ್ನು ಅತಿ ಹೆಚ್ಚಿನದಕ್ಕೆ ಇಡಿ. 'ವಾವ್' (WAV, ದನಿಯನ್ನು ಕುಗ್ಗಿಸದೆ ಉಳಿಸುವ ಕಡತ) ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲಿ ಇದಕ್ಕೆ 'ಲಾಸ್‌ಲೆಸ್' ಎನ್ನುತ್ತಾರೆ. 48 ಕಿಲೋಹರ್ಟ್ಸ್, 16 ಬಿಟ್, ಮೊನೊ ಆದರೆ ಗಂಟೆಗೆ ಸುಮಾರು 345 ಎಂಬಿ ಬೇಕು. ಎಂಟು ಹತ್ತು ಗಂಟೆಯ ಮಾತಿಗೆ 4 ಜಿಬಿ ಖಾಲಿ ಇದ್ದರೆ ಧಾರಾಳ. ಕೆಲವು ಆ್ಯಪ್‌ಗಳಲ್ಲಿ ಗದ್ದಲ ತಗ್ಗಿಸುವ, ಮೌನವಿದ್ದಾಗ ರೆಕಾರ್ಡಿಂಗ್ ತಾನಾಗಿ ನಿಲ್ಲುವ ಸೌಕರ್ಯಗಳಿರುತ್ತವೆ. ಎರಡನ್ನೂ ಆಫ್ ಮಾಡಿ. ಅಮ್ಮ ಮಾತು ನಿಲ್ಲಿಸಿ ಯೋಚಿಸಿದ ಆ ಐದು ಸೆಕೆಂಡನ್ನು ಯಂತ್ರ ಕತ್ತರಿಸಿ ಎಸೆಯಬಾರದು.

ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ. ಮಧ್ಯೆ ಒಂದು ಕರೆ ಬಂದರೆ ಬಹಳಷ್ಟು ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ, ಕರೆ ಮುಗಿದ ಮೇಲೆ ಮತ್ತೆ ತಾನಾಗಿ ಶುರುವಾಗುವುದಿಲ್ಲ. ಅದು ನಿಮಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ.

ಫೋನನ್ನು ಮಾತಾಡುವವರ ಬಾಯಿಂದ ಒಂದೂವರೆ ಗೇಣು ದೂರದಲ್ಲಿ, ನಾಲ್ಕು ಮಡಿಕೆ ಮಾಡಿದ ಟವೆಲ್ಲಿನ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಕಾಫಿ ಲೋಟ ಕೆಳಗಿಟ್ಟ ಸದ್ದು ಗುಂಡು ಹೊಡೆದಂತೆ ದಾಖಲಾಗುತ್ತದೆ. ನಿಮಗೂ ಅವರಿಗೂ ನಟ್ಟನಡುವೆ ಇಡಬೇಡಿ. ನಿಮ್ಮ ದನಿ ಸಣ್ಣಗೆ ಕೇಳಿದರೆ ನಷ್ಟವಿಲ್ಲ.

ದುಡ್ಡು ಖರ್ಚು ಮಾಡುವುದಾದರೆ ಸೆರಗಿಗೋ ಅಂಗಿಗೋ ಸಿಕ್ಕಿಸುವ ಸಣ್ಣ ಕಾಲರ್ ಮೈಕ್ ಒಂದು ಸಾಕು. ಗದ್ದದಿಂದ ಒಂದು ಗೇಣು ಕೆಳಗೆ ಅದರ ಜಾಗ. ಕರಿಮಣಿ ಸರ, ಬೋರಮಳ ಸರ ಮೈಕಿಗೆ ತಾಗುತ್ತಿದ್ದರೆ ಮೈಕನ್ನು ಪಕ್ಕಕ್ಕೆ, ಹೆಗಲ ಕಡೆ ಸರಿಸಿ. ತಾಳಿ ತೆಗೆದಿಡು ಎಂದು ಹೇಳಲಿಕ್ಕಾಗುವುದಿಲ್ಲವಲ್ಲ. ರೇಷ್ಮೆ ಸೀರೆ ಸರಬರ ಎನ್ನುತ್ತದೆ, ನೂಲಿನದು ಮೇಲು. ವಯರಿನ ಮೈಕ್ ಕೊಳ್ಳುವಾಗ ಪಿನ್ನು ನೋಡಿ. ಫೋನಿನ ದುಂಡು ತೂತಿಗೆ ಹಾಕುವ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರಬೇಕು. ಎರಡೇ ಗೆರೆ ಇದ್ದರೆ ಅದು ಕ್ಯಾಮೆರಾದ್ದು. ಅದನ್ನು ನೇರವಾಗಿ ಚುಚ್ಚಿದರೆ ಫೋನು ತನ್ನ ಒಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡುತ್ತಿರುತ್ತದೆ, ನಿಮಗೆ ಸುಳಿವೂ ಸಿಗುವುದಿಲ್ಲ. ಪರೀಕ್ಷೆ ಸುಲಭ: ರೆಕಾರ್ಡಿಂಗ್ ಶುರು ಮಾಡಿ ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ. ಪರದೆಯ ಮೇಲಿನ ಗೆರೆ ಎಗರಿದರೆ ಸರಿಯಾಗಿದೆ.

ಕೋಣೆ ಆರಿಸುವಾಗ ನಡುಮನೆ ಬಿಟ್ಟು ಮಲಗುವ ಕೋಣೆಗೆ ಬನ್ನಿ. ಹಾಸಿಗೆ, ಬಟ್ಟೆ ತುಂಬಿದ ಗೂಟ, ಕಿಟಕಿ ಪರದೆ ಎಲ್ಲ ಸೇರಿ ಗೋಡೆಯ ಮಾರ್ದನಿಯನ್ನು ಕುಡಿದುಬಿಡುತ್ತವೆ. ಟೈಲ್ಸ್ ನೆಲಕ್ಕೆ ಜಮಖಾನ ಹಾಸಿ. ಫ್ಯಾನ್ ನಿಲ್ಲಿಸಿ, ಸೆಕೆ ಇದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ವಿರಾಮ ಕೊಟ್ಟು ಹಾಕಿಕೊಳ್ಳಿ. ಯುಪಿಎಸ್, ಫ್ರಿಜ್ಜಿನ ಗುಯ್ಗುಟ್ಟುವಿಕೆ ಕಿವಿಗೆ ಅಭ್ಯಾಸವಾಗಿ ಕೇಳಿಸುವುದಿಲ್ಲ, ಮೈಕಿಗೆ ಚೆನ್ನಾಗಿ ಕೇಳಿಸುತ್ತದೆ. ಒಂದು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿದ ಮೇಲೇ ಮುಂದುವರಿಯಿರಿ.

ವಿಡಿಯೊ ಬೇಡವೆ ಎಂದರೆ, ಬೇಕು, ಸ್ವಲ್ಪ. ಕ್ಯಾಮೆರಾ ಎದುರಿಗಿದ್ದರೆ ಅಪ್ಪ ಅಂಗಿ ಸರಿಮಾಡಿಕೊಂಡು ಭಾಷಣದ ದನಿ ತೆಗೆಯುತ್ತಾರೆ. ಮಾತಿಗೆ ಆಡಿಯೊ ಇರಲಿ. ಕೈ ಕೆಲಸಕ್ಕೆ ವಿಡಿಯೊ ತೆಗೆಯಿರಿ. ರಂಗೋಲಿ ಎಳೆ, ರೊಟ್ಟಿ ಬಡಿಯುವುದು, ಅಡಿಕೆ ಸುಲಿಯುವುದು, ನೇಗಿಲು ಹೂಡುವುದು ಇವನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಫೋನಿನ ಸಾಮಾನ್ಯ 1080 ವಿಡಿಯೊಗೆ ನಿಮಿಷಕ್ಕೆ 60ರಿಂದ 130 ಎಂಬಿ ಹಿಡಿಯುತ್ತದೆ.

ಕೂರಿಸುವುದು, ಕೇಳುವುದು

ಬೆಳಗಿನ ತಿಂಡಿಯಾದ ಮೇಲೆ ಹತ್ತು ಗಂಟೆ, ಇಲ್ಲವೇ ಸಂಜೆ ಕಾಫಿಯಾದ ಮೇಲೆ. ಒಂದು ಸಲಕ್ಕೆ 40–50 ನಿಮಿಷ ಮೀರಬಾರದು. ಆರರಿಂದ ಎಂಟು ಸಲ ಕೂತರೆ ಒಂದು ಬದುಕಿನ ಒಳ್ಳೆಯ ರೂಪರೇಖೆ ಸಿಗುತ್ತದೆ. ಹತ್ತಿರ ನೀರಿನ ಲೋಟ ಇರಲಿ. ಕಟ್ಟಿಸಿದ ಹಲ್ಲು ಸಡಿಲವಾಗಿ ಟಕಟಕ ಎನ್ನುತ್ತಿದ್ದರೆ ನೀರು ಕುಡಿದಾಗ ಸ್ವಲ್ಪ ಕಡಿಮೆಯಾಗುತ್ತದೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ. ಅಮ್ಮನಿಗೆ ಕೇಳಿದ್ದಕ್ಕೆ ಅಪ್ಪ ಉತ್ತರ ಹೇಳುತ್ತಾರೆ, ಅಪ್ಪ ಹೇಳಿದ ಇಸವಿಯನ್ನು ಅಮ್ಮ ತಿದ್ದುತ್ತಾರೆ, ಮಾತು ಜಗಳಕ್ಕೆ ತಿರುಗುತ್ತದೆ. ಬೇರೆ ಬೇರೆಯಾಗಿ ಮುಗಿಸಿ, ಕೊನೆಗೆ ಒಂದು ಸಲ ಜೊತೆಗೆ ಕೂರಿಸಿದರೆ ಆ ಜಗಳವೂ ದಾಖಲಾಗಲಿ.

"ನಂದೇನಿರುತ್ತೆ ಹೇಳೋಕೆ, ನಿಮ್ಮಪ್ಪನ್ನ ಕೇಳು" ಎನ್ನುವ ಅಮ್ಮಂದಿರೇ ಹೆಚ್ಚು. ಅಂಥವರನ್ನು ಕುರ್ಚಿಯಲ್ಲಿ ಕೂರಿಸಿ ಮೈಕ್ ಹಿಡಿದರೆ ಬಾಯಿ ಕಟ್ಟುತ್ತದೆ. ಕೈಗೆ ಸದ್ದಿಲ್ಲದ ಕೆಲಸ ಕೊಡಿ: ಹೂ ಕಟ್ಟುವುದು, ಹೂಬತ್ತಿ ಹೊಸೆಯುವುದು, ಅವರೆಕಾಳು ಹಿಸುಕುವುದು. ಹಿಸುಕಿದ ಕಾಳು ಬೀಳುವ ಪಾತ್ರೆ ಮಾತ್ರ ಸ್ಟೀಲಿನದಾಗದೆ ಬುಟ್ಟಿಯಾಗಿರಲಿ. ಕೈ ಆಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ.

ಇನ್ನೊಂದು ತೊಡಕು ನಮ್ಮ ಮಾತಿನ ರೀತಿಯಲ್ಲೇ ಇದೆ. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕು, 'ಹೂಂ' ನಿಂತರೆ "ಕೇಳ್ತಿದೀಯಾ ಇಲ್ವಾ?" ಎಂದು ಕಥೆಯೂ ನಿಲ್ಲುತ್ತದೆ. ಆದರೆ ಮಾತಿನ ಮೇಲೇ ಬಿದ್ದ ಹೂಂಕಾರವನ್ನು ಆಮೇಲೆ ಬೇರ್ಪಡಿಸಲಾಗದು. ಕಣ್ಣಿಗೆ ಕಣ್ಣಿಟ್ಟು ತಲೆಯಾಡಿಸಿ. 'ಹೂಂ' ಅನ್ನಲೇಬೇಕಾದರೆ ವಾಕ್ಯ ಮುಗಿದ ಮೇಲೆ ಅನ್ನಿ. ಅವರು ಸುಮ್ಮನಾದಾಗ ಮುಂದಿನ ಪ್ರಶ್ನೆ ಎಸೆಯುವ ಮೊದಲು ಮನಸ್ಸಿನಲ್ಲೇ ಹತ್ತು ಎಣಿಸಿ. ಎಷ್ಟೋ ಸಲ ಮುಖ್ಯವಾದ ಮಾತು ಆರಕ್ಕೋ ಏಳಕ್ಕೋ ಬರುತ್ತದೆ.

ಮೊದಲ ಸಲ ಕೂತಾಗ ಒಂದು ದೊಡ್ಡ ಹಾಳೆ, ಪೆನ್ಸಿಲ್ ಕೊಟ್ಟು ಹುಟ್ಟಿದ ಮನೆಯ ನಕ್ಷೆ ಬರೆಸಿ. ಗೆರೆ ಸೊಟ್ಟಗಿದ್ದರೂ ಸರಿ. ಜಗಲಿ, ಪಡಸಾಲೆ, ತೊಟ್ಟಿ, ದೇವರಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಿಲು ಒಂದೊಂದನ್ನೂ ಗುರುತಿಸುತ್ತ ಹೋದಂತೆ ಯಾರು ಎಲ್ಲಿ ಮಲಗುತ್ತಿದ್ದರು, ಯಾರಿಗೆ ಎಲ್ಲಿಯವರೆಗೆ ಒಳಗೆ ಬರಲು ಬಿಡುತ್ತಿದ್ದರು, ಹೆರಿಗೆ ಯಾವ ಕೋಣೆಯಲ್ಲಿ ಆಗುತ್ತಿತ್ತು, ನೀರು ಎಷ್ಟು ದೂರದಿಂದ ಬರುತ್ತಿತ್ತು ಎಂದು ಕೇಳಿ. ಎರಡನೆಯ ಸಲ ಊರಿನ ನಕ್ಷೆ: ಬಾವಿ, ಕೆರೆ ಏರಿ, ಶಾಲೆ, ಕೇರಿಗಳು. ಲಿಂಗನಮಕ್ಕಿ, ಆಲಮಟ್ಟಿಯಂಥ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವರಾದರೆ ಈ ಹಾಳೆಯೇ ಆ ಕೇರಿಗೆ ಉಳಿಯುವ ಏಕೈಕ ನಕ್ಷೆ ಆದೀತು.

ಹಾಡು ಗೊತ್ತಿದ್ದರೆ ಬೀಸುವ ಪದ, ಸೋಬಾನೆ, ಲಾಲಿ ಯಾವುದಾದರೂ ಪೂರ್ತಿ ಹಾಡಿಸಿ. "ಮುಂದೆ ಹೀಗೇ ಇದೆ ಬಿಡು" ಎಂದು ಎರಡು ನುಡಿಗೆ ನಿಲ್ಲಿಸುತ್ತಾರೆ, ಬಿಡಬೇಡಿ. ಅಡುಗೆ ಕೇಳುವಾಗ "ಒಂದು ಹಿಡಿ", "ಅಂದಾಜು" ಎಂದರೆ ಅವರ ಹಿಡಿಯನ್ನೇ ತೂಕಕ್ಕೆ ಹಾಕಿ ಗ್ರಾಂ ಬರೆದುಕೊಳ್ಳಿ. ಪಾವು, ಸೇರು, ಕೊಳಗ, ಖಂಡುಗಗಳ ಅಳತೆ ಊರಿಂದೂರಿಗೆ ಬೇರೆ. ಯಾವ ಊರಿನ ಸೇರು ಎಂದೂ ಕೇಳಿ.

ಮರೆವಿನ ಕಾಯಿಲೆ ಶುರುವಾಗಿದ್ದರೆ ಲೆಕ್ಕ ಬೇರೆ. ಬೆಳಗಿನ ಹೊತ್ತು, ಹದಿನೈದೇ ನಿಮಿಷ, ಕೈಯಲ್ಲೊಂದು ಹಳೆಯ ಫೋಟೊ. "ಇದು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. "ಇದು ಚಿಕ್ಕಪ್ಪನ ಮದುವೆಯದ್ದಲ್ವಾ" ಎಂದು ನೀವೇ ಎಳೆ ಹಿಡಿದು ಕೊಡಿ. ತಪ್ಪು ಹೇಳಿದರೆ ತಿದ್ದದೆ ಬಿಡಿ. ಮಾತು ತಪ್ಪಿದವರೂ ಎಷ್ಟೋ ಸಲ ಹಾಡನ್ನು ತಪ್ಪಿಲ್ಲದೆ ಹಾಡುತ್ತಾರೆ.

ಇಸವಿ ಹಿಡಿಯುವುದು

ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ 1 ಎಂಬ ಹುಟ್ಟಿದ ದಿನ ಆ ತಲೆಮಾರಿನ ಎಷ್ಟೋ ಜನರ ದಾಖಲೆಯಲ್ಲಿದೆ. ಅದನ್ನು ನಂಬಿ ಲೆಕ್ಕ ಕಟ್ಟಿದರೆ ಒಂದೆರಡು ವರ್ಷ ಹಿಂದೆಮುಂದೆ ಆಗುತ್ತದೆ. ಜಾತಕ ಸಿಕ್ಕರೆ ಸಂವತ್ಸರ ನೋಡಿ. ದುರ್ಮುಖಿ ಎಂದಿದ್ದರೆ 1956ರ ಯುಗಾದಿಯಿಂದ 1957ರ ಯುಗಾದಿಯ ಹಿಂದಿನ ದಿನದವರೆಗೆ. ಅದೇ ಸಂವತ್ಸರದ ಸಂಕ್ರಾಂತಿ ಹೊತ್ತಿಗೆ ಹುಟ್ಟಿದವರು 1957ರವರು. ಈ ತಪ್ಪು ಬಹಳ ಜನ ಮಾಡುತ್ತಾರೆ. ಅರವತ್ತು ವರ್ಷಕ್ಕೆ ಸಂವತ್ಸರ ಮರಳುವುದರಿಂದ ಅಜ್ಜನ ಜಾತಕವನ್ನು ಅಪ್ಪನದೆಂದು ತಿಳಿಯುವ ಅಪಾಯವೂ ಇದೆ.

ಜಾತಕವಿಲ್ಲದಿದ್ದರೆ ದೊಡ್ಡ ಘಟನೆಗಳಿಗೆ ಗಂಟು ಹಾಕಿ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1. "ಅಂಗಡಿಗೆ ಕಳಿಸಿದಾಗ ಕೈಗೆ ಕೊಡ್ತಿದ್ದದ್ದು ಆಣೆನಾ, ನಯಾ ಪೈಸೆನಾ?" ಎಂಬ ಒಂದು ಪ್ರಶ್ನೆ ಅರ್ಧ ಬಾಲ್ಯವನ್ನು ಅಳೆದುಕೊಡುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದದ್ದು 1973ರ ನವೆಂಬರ್ 1. 1980ರ ಫೆಬ್ರುವರಿ 16ರ ಮಧ್ಯಾಹ್ನದ ಸೂರ್ಯಗ್ರಹಣ ಉತ್ತರ ಕರ್ನಾಟಕದ ಕೆಲವು ಕಡೆ ಖಗ್ರಾಸವಾಗಿತ್ತು. ಬಾಗಿಲು ಹಾಕಿಕೊಂಡು ಒಳಗೆ ಕೂತದ್ದು ಆಗ ಬಸುರಿಯಾಗಿದ್ದವರಿಗೆ, ಬಾಣಂತಿಯಾಗಿದ್ದವರಿಗೆ ಮರೆತಿರುವುದಿಲ್ಲ. ಜಮೀನಿನ ಮನೆತನವಾದರೆ 1974ರ ಭೂಸುಧಾರಣೆ ತಿದ್ದುಪಡಿ ಹಾಗೂ ಉಳುತ್ತಿದ್ದ ಭೂಮಿಯ ಒಡೆತನ ಕೇಳಿ ಗೇಣಿದಾರರು ಹಾಕಿದ ಅರ್ಜಿ, ಅಂದರೆ ಫಾರಂ ನಂಬರ್ ಏಳು, ಇವುಗಳ ಬಗ್ಗೆ ಕೇಳದೆ ಕಥೆ ಪೂರ್ತಿಯಾಗುವುದಿಲ್ಲ. ಭೂಮಿ ಸಿಕ್ಕವರ ಮನೆಯಲ್ಲಿ ಒಂದು ಕಥೆ, ಕಳೆದುಕೊಂಡವರ ಮನೆಯಲ್ಲಿ ಇನ್ನೊಂದು.

ಹುಟ್ಟಿದ ಊರು 1956ಕ್ಕೆ ಮೊದಲು ಯಾರ ಆಡಳಿತದಲ್ಲಿತ್ತು ಎಂದು ತಿಳಿದುಕೊಂಡೇ ಕೂರಿ. ಧಾರವಾಡ, ಬಿಜಾಪುರ ಮುಂಬಯಿಗೆ, ಬೀದರ್, ಗುಲ್ಬರ್ಗಾ, ರಾಯಚೂರು ಹೈದರಾಬಾದಿಗೆ, ಮಂಗಳೂರು ಕಡೆ ಮದ್ರಾಸಿಗೆ ಸೇರಿದ್ದವು. ಬಳ್ಳಾರಿ ಮಾತ್ರ 1953ರ ಅಕ್ಟೋಬರ್ 1ಕ್ಕೇ ಮದ್ರಾಸಿನಿಂದ ಮೈಸೂರಿಗೆ ಬಂತು. ಮುಂಬಯಿ ಕಡೆಯವರು "ಮುಲ್ಕಿ ಪಾಸಾಗಿದ್ದೆ" ಎಂದರೆ ಅದು ಏಳನೆಯ ಇಯತ್ತೆಯ ಪರೀಕ್ಷೆ, ಊರಿನ ಹೆಸರಲ್ಲ. ಹೈದರಾಬಾದ್ ಕಡೆಯವರ ಹಳೆಯ ಕಾಗದ ಉರ್ದುವಿನಲ್ಲಿದ್ದರೆ ಓದಬಲ್ಲವರನ್ನು ಈಗಲೇ ಹುಡುಕಿ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಇನ್ನೊಂದು ದಾರಿಯಿದೆ: ವಂಶಾವಳಿ ಹೇಳಿಕೊಂಡು ಎತ್ತಿನ ಜೊತೆ ಬರುವ ಹೆಳವರು. ಅವರು ಬಂದ ದಿನ ಕಾಳು ಕೊಟ್ಟು ಕಳಿಸುವ ಮೊದಲು ಅಪ್ಪಣೆ ಕೇಳಿ ರೆಕಾರ್ಡರ್ ಹಚ್ಚಿ.

ಅದೇ ರಾತ್ರಿ ಬರೆಯಬೇಕಾದದ್ದು

ಎಂಟು ಗಂಟೆಯ ದನಿ ಕಂಪ್ಯೂಟರಿನಲ್ಲಿದೆ, ಅದರಲ್ಲಿ ಏನೆಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂದಾದರೆ ಮೊಮ್ಮಕ್ಕಳು ಅದನ್ನು ತೆರೆಯುವುದಿಲ್ಲ. ಪೂರ್ತಿ ಅಕ್ಷರಕ್ಕಿಳಿಸಲು ಹೊರಟವರು ಸಾಮಾನ್ಯವಾಗಿ ಎರಡನೆಯ ಗಂಟೆಗೆ ಸೋಲುತ್ತಾರೆ; ಒಂದು ಗಂಟೆಯ ಮಾತನ್ನು ಬರೆಯಲು ಐದಾರು ಗಂಟೆ ಬೇಕು. ಅದನ್ನು ಬದಿಗಿಟ್ಟು ಮೊದಲು ಸಮಯಸೂಚಿ ಮಾಡಿ. ಐದೈದು ನಿಮಿಷಕ್ಕೆ ಒಂದು ಸಾಲು ಸಾಕು:

00:00 – ಹುಟ್ಟಿದ ಮನೆ, ತೊಟ್ಟಿ, ಬಾವಿ
05:10 – ಅಜ್ಜಿ ಬಾಣಂತನ ಮಾಡುತ್ತಿದ್ದ ಬಗೆ, ಖಾರದ ಪುಡಿ
11:40 – ಪ್ಲೇಗಿಗೆ ಊರು ಬಿಟ್ಟ ಕಥೆ (ಅವರು ಕಂಡದ್ದಲ್ಲ, ಅಜ್ಜನಿಂದ ಕೇಳಿದ್ದು)
16:25 – ಲಾಲಿ ಹಾಡು, ಪೂರ್ತಿ

ಮೂರನೆಯ ಸಾಲಿನಲ್ಲಿರುವ ಗುರುತು ಗಮನಿಸಿ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಎಂದು ಬೇರೆ ಮಾಡಿ ಬರೆಯದಿದ್ದರೆ ಮುಂದಿನ ತಲೆಮಾರಿಗೆ ಎರಡೂ ಒಂದೇ ಆಗುತ್ತವೆ.

ಜೊತೆಗೊಂದು ಹೆಸರುಪಟ್ಟಿ ಬೇಕು. ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರಿನ ಮೂರು ಜನ ಇರುತ್ತಾರೆ. ಮನೆಯಲ್ಲಿ ಕರೆಯುವ ಹೆಸರು ಪುಟ್ಟಿ, ದಾಖಲೆಯಲ್ಲಿ ಬೇರೆ, ಮದುವೆಯಾದ ಮೇಲೆ ಅಕ್ಕಿಯ ಮೇಲೆ ಬರೆಸಿದ ಹೆಸರು ಮತ್ತೊಂದು. 'ಅತ್ತೆ' ಎಂದರೆ ಅಪ್ಪನ ತಂಗಿಯೋ, ಸೋದರಮಾವನ ಹೆಂಡತಿಯೋ, ಗಂಡನ ತಾಯಿಯೋ? ಸಂಬಂಧದಲ್ಲೇ ಮದುವೆಯಾಗಿದ್ದರೆ ಒಬ್ಬಾಕೆಯೇ ಇದರಲ್ಲಿ ಎರಡಾಗಿರುತ್ತಾರೆ. ಮಾತಿನ ಮಧ್ಯೆ ತಡೆದು ಕೇಳಬೇಡಿ. ಹೆಸರು ಬರೆದುಕೊಂಡು ಕೊನೆಯ ಐದು ನಿಮಿಷ ಇದಕ್ಕೇ ಇಟ್ಟುಕೊಳ್ಳಿ.

ಆಮೇಲೆ ಇಷ್ಟವಾದ ಭಾಗಗಳನ್ನಷ್ಟೇ ಅಕ್ಷರಕ್ಕಿಳಿಸಿ. ಗೂಗಲ್ ಡಾಕ್ಸ್‌ನ ದನಿ ಟೈಪಿಂಗ್ ಕನ್ನಡಕ್ಕೂ ಇದೆ. ಕುಂದಾಪ್ರ ಕನ್ನಡಕ್ಕೂ ಹವ್ಯಕರ ಮಾತಿಗೂ ಅದು ಕೈ ಎತ್ತುತ್ತದೆ. ಇಯರ್‌ಫೋನಿನಲ್ಲಿ ಕೇಳುತ್ತ ನೀವೇ ನಿಧಾನವಾಗಿ ಹೇಳಿ ಬರೆಸಿ, ಆಮೇಲೆ ಕೈಯಿಂದ ಅವರ ಮಾತಿಗೆ ತಿದ್ದಿ. "ಹೊಂಟಿದ್ವಿ" ಎಂದದ್ದನ್ನು "ಹೊರಟಿದ್ದೆವು" ಮಾಡಬೇಡಿ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಚು.

ಕ್ಯಾಸೆಟ್ಟು, ಫೋಟೊ, ವಾಟ್ಸಾಪ್

ಅಟ್ಟದ ಮೇಲೆ ಮದುವೆಯದ್ದೋ ನಾಮಕರಣದ್ದೋ ಕ್ಯಾಸೆಟ್ ಸಿಕ್ಕರೆ ನುಡಿಸುವ ಮೊದಲು ಅದರ ಮೇಲಂಚಿನ ಎರಡು ಪ್ಲಾಸ್ಟಿಕ್ ಎಸಳುಗಳನ್ನು ಮುರಿಯಿರಿ. ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಪ್ಲೇಯರಿಗೆ ಹಾಕಿದರೆ ಉಳಿದ ಕ್ಯಾಸೆಟ್ಟುಗಳಿಗೂ ಹತ್ತುತ್ತದೆ, ಬೇರೆ ಇಡಿ. ಚೆನ್ನಾಗಿದ್ದರೆ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಸುರುಳಿ ಸಡಿಲವಾಗುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಅಲ್ಲಿಂದ ಲೈನ್ ಇನ್ (ಪ್ಲೇಯರಿನಂಥ ಯಂತ್ರದ ದನಿ ತೆಗೆದುಕೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿನ ಅಡಾಸಿಟಿಗೆ. ಅದು ಉಚಿತ ತಂತ್ರಾಂಶ. ಲ್ಯಾಪ್‌ಟಾಪಿನ ಮೈಕ್ ತೂತಿಗೇ ನೇರ ಹಾಕಿದರೆ ದನಿ ಒಡೆದು ಬರುತ್ತದೆ, ಏಕೆಂದರೆ ಅದು ಸಣ್ಣ ಮೈಕಿಗೆಂದು ಮಾಡಿದ್ದು. ಸದ್ದಿನ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸುಯ್ ಎಂಬ ಸದ್ದು ತೆಗೆಯುವ ಚೊಕ್ಕಟ ಕೆಲಸವನ್ನು ಪ್ರತಿಯ ಮೇಲೆ ಮಾಡಿ. ಮೂಲ ವಾವ್ ಕಡತ ಮುಟ್ಟಬೇಡಿ.

ಫೋಟೊ ಸ್ಕ್ಯಾನಿಗೆ 600 ಡಿಪಿಐ ಸಾಕು, ಪಾಸ್‌ಪೋರ್ಟ್ ಅಳತೆಯ ಸಣ್ಣದಕ್ಕೆ 1200. ಅಂಟು ಹಾಳೆಯ ಆಲ್ಬಮ್ಮಿನಿಂದ ಕಿತ್ತು ತೆಗೆಯಬೇಡಿ, ಚೌಕಟ್ಟಿನ ಗಾಜಿಗೆ ಅಂಟಿದ್ದನ್ನಂತೂ ಬೇಡವೇ ಬೇಡ. ಮೇಲಿನ ಬಣ್ಣದ ಪದರ ಗಾಜಿನ ಜೊತೆಗೇ ಬರುತ್ತದೆ. ಕಿಟಕಿಯ ಬೆಳಕಿಗೆ ಒಡ್ಡಿ, ಫ್ಲ್ಯಾಶ್ ಇಲ್ಲದೆ, ಸ್ವಲ್ಪ ಓರೆಯಿಂದ ಹೊಳಪು ತಪ್ಪಿಸಿ ಫೋಟೊ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದೆ ಉಬ್ಬು ಬರುತ್ತದೆ. ಗುಂಪಿನ ಫೋಟೊಗಳಿಗೆ ಒಂದು ಝೆರಾಕ್ಸ್ ಮಾಡಿಸಿ, ತಲೆಗಳಿಗೆ ನಂಬರ್ ಹಾಕಿ, ಅಪ್ಪ ಅಮ್ಮನ ಮುಂದಿಟ್ಟು ರೆಕಾರ್ಡರ್ ಹಚ್ಚಿ. ಇದರಷ್ಟು ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ವಾಟ್ಸಾಪಿನಲ್ಲಿ ಅಮ್ಮ ಕಳಿಸಿದ "ಊಟ ಆಯ್ತಾ" ಎಂಬ ದನಿ ಸಂದೇಶಗಳನ್ನೂ ಉಳಿಸಿ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ವಾಟ್ಸಾಪ್ ಮೀಡಿಯಾ ಒಳಗಿನ 'ವಾಯ್ಸ್ ನೋಟ್ಸ್' ಫೋಲ್ಡರನ್ನು ಪೂರ್ತಿ ನಕಲು ಮಾಡಿ. ಫೋನು ಬದಲಿಸುವ ಮೊದಲೇ ಮಾಡಬೇಕಾದ ಕೆಲಸವಿದು. ಅಣ್ಣತಮ್ಮಂದಿರಿಗೆ ಫೋಟೊ ಕಳಿಸುವಾಗ 'ಡಾಕ್ಯುಮೆಂಟ್' ಎಂದು ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ.

ಹೊರದೇಶದಲ್ಲಿರುವವರು ವಿಡಿಯೊ ಕರೆಯನ್ನೇ ರೆಕಾರ್ಡ್ ಮಾಡಿ ತೃಪ್ತಿಪಡುತ್ತಾರೆ. ಅದರಲ್ಲಿ ದನಿ ಕುಗ್ಗಿರುತ್ತದೆ, ನೆಟ್‌ವರ್ಕ್ ತೊದಲಿದ ಕಡೆ ಮಾತೇ ಹೋಗಿರುತ್ತದೆ. ಊರಲ್ಲಿರುವ ಅಕ್ಕನ ಮಗನಿಗೆ ಹೇಳಿ ಅಮ್ಮನ ಮುಂದೆ ಎರಡನೆಯ ಫೋನಿಟ್ಟು ರೆಕಾರ್ಡರ್ ಹಚ್ಚಿಸಿ. ಕರೆ ಮಾತಿಗೆ, ಆ ಫೋನು ದಾಖಲೆಗೆ.

ಒಪ್ಪಿಗೆ, ಮುಚ್ಚಿಟ್ಟದ್ದು, ಕಾಪು

ಮೊದಲ ರೆಕಾರ್ಡಿಂಗಿನ ಶುರುವಿನಲ್ಲೇ ತಾರೀಕು, ಜಾಗ, ಹೆಸರು ಹೇಳಿ, "ಇದನ್ನ ಯಾರ್ಯಾರು ಕೇಳಬಹುದು?" ಎಂದು ಅವರ ಬಾಯಿಂದಲೇ ಹೇಳಿಸಿ. ಆಸ್ತಿ ಪಾಲು, ಮುರಿದ ಮದುವೆ, ತೀರಿಹೋದ ಕೂಸು, ಜಾತಿ ಮೀರಿ ಹೋದವರ ಮಾತು ಬರುತ್ತವೆ. "ಇದು ಬೇಡ, ಆಫ್ ಮಾಡು" ಎಂದರೆ ಆಫ್ ಮಾಡಿ, ಕದ್ದು ರೆಕಾರ್ಡ್ ಮಾಡಬೇಡಿ. ಒಮ್ಮೆ ಗೊತ್ತಾದರೆ ಮುಂದೆ ಏನೂ ಹೇಳುವುದಿಲ್ಲ. ಹೇಳಿದ್ದಾರೆ ಆದರೆ ಈಗ ಯಾರೂ ಕೇಳಬಾರದು ಎಂದರೆ ಆ ತುಂಡನ್ನು ಬೇರೆ ಕಡತ ಮಾಡಿ, ಎಷ್ಟು ವರ್ಷ ಮುಚ್ಚಿಡಬೇಕೆಂದು ಸೂಚಿಯಲ್ಲಿ ಬರೆಯಿರಿ. ಜಮೀನಿನ ಗಡಿ, ಬಾಯಿಮಾತಿನ ಪಾಲುಪಟ್ಟಿ ಇರುವ ಭಾಗವನ್ನು ಕುಟುಂಬದ ಗ್ರೂಪಿಗೆ ಹಾಕುವುದು ವ್ಯಾಜ್ಯವನ್ನು ಮನೆಗೆ ಕರೆದಂತೆ.

ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಇರಲಿ, ಆಗ ತಾನಾಗಿ ಸಾಲಾಗಿ ನಿಲ್ಲುತ್ತವೆ: 2025-01-12, ಆಮೇಲೆ ಅಮ್ಮ, ಆಮೇಲೆ 01. ಮೂರು ಪ್ರತಿ ಬೇಕು: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ತಂಗಿಯ ಮನೆಯಲ್ಲೋ ಕ್ಲೌಡ್‌ನಲ್ಲೋ. ಕ್ಲೌಡ್ ಖಾತೆಯ ಪಾಸ್‌ವರ್ಡ್ ಒಬ್ಬರಿಗಷ್ಟೇ ಗೊತ್ತಿದ್ದರೆ ಅದನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಪೆನ್ ಡ್ರೈವ್ ಒಯ್ಯಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕಲ್ಲ. ಕರೆಂಟಿಲ್ಲದೆ ಬಹುಕಾಲ ಬಿದ್ದರೆ ಅದರೊಳಗಿನದು ಅಳಿಯಬಹುದು. ಕರಾವಳಿ, ಮಲೆನಾಡಿನ ತೇವಕ್ಕೆ ಡಿವಿಡಿಗೂ ಬೂಷ್ಟು ಹಿಡಿಯುತ್ತದೆ, ಹಾರ್ಡ್ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಸಮಯಸೂಚಿ, ಹೆಸರುಪಟ್ಟಿ, ಮನೆಯ ನಕ್ಷೆ ಮೂರನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಮನೆಯ ಪತ್ರಗಳ ಜೊತೆ ಇರಿಸಿ. ವರ್ಷಕ್ಕೊಮ್ಮೆ, ಯುಗಾದಿ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ಡಿಸ್ಕ್ ಹಚ್ಚಿ ನಾಲ್ಕೈದು ಕಡತಗಳನ್ನು ಆರಿಸಿ ನಡುವಿನಿಂದ ಅರ್ಧ ನಿಮಿಷ ಕೇಳಿ. ಶುರುವಿನಿಂದಲ್ಲ, ಮೊದಲ ನಿಮಿಷ ಸರಿಯಾಗಿದ್ದು ಒಳಗೆ ಕೆಟ್ಟಿರುವ ಕಡತಗಳೂ ಇರುತ್ತವೆ.